ಹತ್ತರಲ್ಲಿ ಎರಡು ಕುರ್ಚಿ: ಬಡಾವಣೆ ಸಂಘದ ಒಂದು ವರ್ಷ

(2026ರ ಜನವರಿಯಲ್ಲಿ ದಕ್ಷಿಣ ಬೆಂಗಳೂರಿನಲ್ಲಿ ನಡೆದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಮಯ ಸಾಲದೆ ಬಿಟ್ಟಿದ್ದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ನಿವಾಸಿಗಳ ಸಂಘ ಕಳೆದ ವರ್ಷ ಏನು ಮಾಡಿತು ಅಂತ ಹೇಳಲು ಕರೆದಿದ್ದೀರಿ. ಇಲ್ಲಿ ಕುಳಿತವರಲ್ಲಿ ತುಂಬಾ ಜನ ಒಂದಲ್ಲ ಒಂದು ಸಂಘದ ಪದಾಧಿಕಾರಿಗಳೇ. ಹಾಗಾಗಿ ಎಷ್ಟು ಗಿಡ ನೆಟ್ಟೆವು, ಎಷ್ಟು ಬೀದಿದೀಪ ಹಾಕಿಸಿದೆವು ಅನ್ನುವ ವರದಿ ಓದುವುದಿಲ್ಲ. ಅಂಥ ವರದಿ ನಿಮ್ಮ ಹತ್ತಿರವೂ ಇದೆ. ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಮಾತಾಡುತ್ತೇನೆ. ಸಂಘ ಮಾತಾಡುವುದು ಯಾರ ಪರವಾಗಿ?

ಈ ಪ್ರಶ್ನೆ ಈಗ ಕೇಳಲೇಬೇಕು. ಬೆಂಗಳೂರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್ 10ಕ್ಕೆ. ಅಲ್ಲಿಂದ ಇವತ್ತಿನವರೆಗೆ ಚುನಾವಣೆ ಆಗಿಲ್ಲ. ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು ಈಗ ಆರನೇ ಕ್ಲಾಸಿನಲ್ಲಿದೆ. ಇಷ್ಟು ಕಾಲ ನಮ್ಮ ಬೀದಿಗೆ ಅಂತ ನಾವು ಓಟು ಹಾಕಿ ಆರಿಸಿದವರು ಯಾರೂ ಇಲ್ಲ. ಶಾಸಕರಿದ್ದಾರೆ, ನಿಜ. ಆದರೆ ಅವರ ಮುಖ್ಯ ಕೆಲಸ ಕಾನೂನು ಮಾಡುವುದು. ಮೋರಿ ಕಟ್ಟಿಕೊಂಡರೂ ಅವರ ಮನೆ ಬಾಗಿಲಿಗೇ ಹೋಗಬೇಕು ಅನ್ನುವ ಪರಿಸ್ಥಿತಿ ಅವರಿಗೂ ಒಳ್ಳೆಯದಲ್ಲ, ನಮಗೂ ಒಳ್ಳೆಯದಲ್ಲ.

ಖಾಲಿ ಬಿದ್ದ ಆ ಜಾಗದಲ್ಲಿ ನಮ್ಮಂಥ ಸಂಘಗಳು ಬಂದು ನಿಂತವು. ಎಂಜಿನಿಯರ್‌ಗಳು ನಮಗೆ ಫೋನ್ ಮಾಡುತ್ತಾರೆ. "ಯಾವ ರಸ್ತೆ ಮೊದಲು ತಗೊಳ್ಳೋಣ ಸಾರ್?" ಅಂತ ಕೇಳುತ್ತಾರೆ. ಕೇಳಿದಾಗ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮನ್ನು ಆರಿಸಿದವರು ಯಾರು? ನಮ್ಮ ಸಂಘದಲ್ಲಿ ಸೈಟಿನ ಮಾಲೀಕರು ಮಾತ್ರ ಸದಸ್ಯರಾಗಬಹುದಿತ್ತು. ಬೈಲಾ ಹಾಗೇ ಇತ್ತು. ಬಾಡಿಗೆ ಮನೆಯವರು, ಪಿ.ಜಿ.ಗಳಲ್ಲಿರುವ ಹುಡುಗ ಹುಡುಗಿಯರು, ಮೂಲೆಯ ತರಕಾರಿ ಗಾಡಿಯವರು, ಬೆಳಗಿನ ಜಾವ ಬೀದಿ ಗುಡಿಸುವವರು, ಇವರ್ಯಾರೂ ನಮ್ಮ ಸಭೆಯಲ್ಲಿ ಇರಲಿಲ್ಲ. ನಮ್ಮ ಬೀದಿಗಳಲ್ಲಿ ತಲೆ ಎಣಿಸಿದರೆ ಅವರೇ ಜಾಸ್ತಿ.

ಸಂಘದ ವರ್ಷ ನಿಜವಾಗಿ ಶುರುವಾಗುವುದು ಏಪ್ರಿಲ್‌ನಲ್ಲಿ. ಆಸ್ತಿ ತೆರಿಗೆಯನ್ನು ಆ ತಿಂಗಳೊಳಗೆ ಪೂರ್ತಿ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಸಿಗುತ್ತದೆ. ವಯಸ್ಸಾದವರೆಲ್ಲ ಹಳೆಯ ರಸೀದಿಗಳ ಫೈಲು ಹಿಡಿದು ಸಂಘದ ಕೋಣೆಗೆ ಬರುತ್ತಾರೆ. ನಮ್ಮ ಹುಡುಗರು ಕೂತು ಆನ್‌ಲೈನಿನಲ್ಲಿ ಕಟ್ಟಿಕೊಡುತ್ತಾರೆ. 2025ರ ಏಪ್ರಿಲ್‌ನಲ್ಲಿ ತೆರಿಗೆಯ ಜೊತೆಗೆ ಕಸದ ಶುಲ್ಕವೂ ಬಂತು. 600 ಚದರಡಿಯವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 1,000ದವರೆಗೆ 50, 2,000ದವರೆಗೆ 100, ಹೀಗೆ ಏರುತ್ತಾ ಹೋಗಿ 4,000 ಚದರಡಿ ದಾಟಿದರೆ 400 ರೂಪಾಯಿ. ಅದೇ ತಿಂಗಳು ನೀರಿನ ದರವೂ ಏರಿತು, 2014ರ ನಂತರ ಮೊದಲ ಸಲ. ಆ ತಿಂಗಳ ಸಭೆಯಲ್ಲಿ ಬೇರೆ ಯಾವ ಮಾತಿಗೂ ಜಾಗ ಸಿಗಲಿಲ್ಲ.

ಶುಲ್ಕ ಸರಿಯೋ ತಪ್ಪೋ ಅನ್ನುವುದಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು, ಕಟ್ಟಿದ ದುಡ್ಡು ನಮ್ಮ ಬೀದಿಗೆ ಏನಾಗಿ ವಾಪಸ್ ಬಂತು ಅಂತ ಕೇಳುವುದು. ಕೇಳುವುದಕ್ಕೆ ದಾರಿ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ನಾವು ಕೇಳಿದ್ದು ಇಷ್ಟೇ. ನಮ್ಮ ರಸ್ತೆಗಳಿಗೆ ಡಾಂಬರು ಹಾಕಿದ್ದು ಯಾವಾಗ, ಗುತ್ತಿಗೆದಾರರು ಯಾರು, ಗುತ್ತಿಗೆದಾರರ ಹೊಣೆ ಎಲ್ಲಿಯವರೆಗೆ? ಈ ಕೊನೆಯ ಪ್ರಶ್ನೆಯನ್ನು ದಯವಿಟ್ಟು ಬರೆದುಕೊಳ್ಳಿ. ರಸ್ತೆ ಕೆಲಸದ ಕರಾರಿನಲ್ಲಿ ಒಂದು ಅವಧಿ ನಮೂದಿಸಿರುತ್ತಾರೆ. ಎಂಜಿನಿಯರ್‌ಗಳು ಅದನ್ನು ಡಿ.ಎಲ್.ಪಿ. ಅನ್ನುತ್ತಾರೆ. ಅಷ್ಟರೊಳಗೆ ರಸ್ತೆ ಕಿತ್ತು ಬಂದರೆ ಗುತ್ತಿಗೆದಾರರು ತಮ್ಮ ಖರ್ಚಿನಲ್ಲೇ ರಿಪೇರಿ ಮಾಡಬೇಕು. ಹಾಗಾಗಿ ಗುಂಡಿಯ ಫೋಟೊ ಹಾಕಿ ಬೈಯುವುದಕ್ಕಿಂತ, "ಈ ರಸ್ತೆಯ ಡಿ.ಎಲ್.ಪಿ. ಇನ್ನೂ ಮುಗಿದಿಲ್ಲ" ಅಂತ ತಾರೀಖು ಸಮೇತ ಒಂದು ಪತ್ರ ಬರೆದರೆ ಕೆಲಸ ಬೇಗ ಆಗುತ್ತದೆ. ನಮ್ಮ ಎರಡು ಅಡ್ಡರಸ್ತೆಗಳು ಹಾಗೇ ಸರಿಯಾದವು.

ಇನ್ನು ಮಳೆಯ ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ತೆಗೆದುಕೊಳ್ಳುತ್ತೇನೆ.

2025ರ ಮೇ 18ರ ರಾತ್ರಿಯ ಮಳೆ ನಿಮಗೆಲ್ಲ ನೆನಪಿರುತ್ತದೆ. ಬೆಳಗಾಗುವುದರೊಳಗೆ ನಗರದಲ್ಲಿ 100 ಮಿಲಿಮೀಟರ್‌ಗೂ ಹೆಚ್ಚು ಸುರಿದಿತ್ತು. ಹೊರಮಾವಿನ ಸಾಯಿ ಲೇಔಟ್‌ನಲ್ಲಿ ದೋಣಿ ಇಳಿಸಿ ಜನರನ್ನು ಕರೆತಂದರು, ಟಿ.ವಿ.ಯಲ್ಲಿ ಅದೇ ಸುದ್ದಿ. ನಮ್ಮಲ್ಲಿ ಟಿ.ವಿ.ಯವರು ಬರುವಷ್ಟು ಏನೂ ಆಗಲಿಲ್ಲ. ಬಡಾವಣೆಯ ಕೆಳಗಿನ ತುದಿಯಲ್ಲಿ ಒಂದು ಗಲ್ಲಿ ಇದೆ. ವಠಾರಗಳು, ಶೀಟ್ ಮನೆಗಳು. ಅಲ್ಲಿ ಮೊಣಕಾಲುದ್ದ ನೀರು ನಿಂತಿತು. ನಮ್ಮ ಸದಸ್ಯರ ಮನೆ ಒಂದೂ ಆ ಗಲ್ಲಿಯಲ್ಲಿಲ್ಲ. ನಮಗೆ ವಿಷಯ ಗೊತ್ತಾಗಿದ್ದು ಮಾರನೆಯ ದಿನ, ಮನೆಕೆಲಸಕ್ಕೆ ಬರುವವರು ಬಾರದೇ ಇದ್ದಾಗ.

ಹೋಗಿ ನೋಡಿದೆವು. ಒಬ್ಬ ತಾಯಿ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಅಕ್ಕಿ ಮೂಟೆ ಇಟ್ಟು ಕೂತಿದ್ದರು. ಅವರು ಕೂಗಾಡಲಿಲ್ಲ. "ನೀರು ಬರುತ್ತೆ, ಹೋಗುತ್ತೆ ಸಾರ್. ಆಮೇಲೆ ಹಾಸಿಗೆ ಒಣಗಲ್ಲ. ಮಕ್ಕಳ ಪುಸ್ತಕ ಒಣಗಲ್ಲ. ಹದಿನೈದು ದಿನ ವಾಸನೆ ಹೋಗಲ್ಲ. ಅದು ಯಾರಿಗೂ ಕಾಣಲ್ಲ" ಅಂದರು. ಇದು ಪ್ರತಿ ವರ್ಷದ ಕಥೆ ಅಂತ ಅವರಿಂದಲೇ ತಿಳಿಯಿತು.

ಯಾಕೆ ಹೀಗಾಗುತ್ತದೆ ಅಂತ ಹುಡುಕಲು ಹೊರಟೆವು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಇಲ್ಲಿ ಬಿದ್ದ ನೀರು ಮೂರು ದೊಡ್ಡ ಕಣಿವೆಗಳಲ್ಲಿ ಇಳಿಯುತ್ತದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಹಿಂದಿನವರು ಈ ಇಳಿಜಾರಿನ ಉದ್ದಕ್ಕೂ ಕೆರೆ ಕಟ್ಟಿದರು. ಒಂದು ತುಂಬಿದರೆ ಕೋಡಿ ಬಿದ್ದು ಕಾಲುವೆಯಲ್ಲಿ ಮುಂದಿನ ಕೆರೆಗೆ ಹೋಗಬೇಕು. ಆ ಕಾಲುವೆಯೇ ರಾಜಕಾಲುವೆ. ಕಂದಾಯ ಇಲಾಖೆಯ ಹಳೆಯ ಗ್ರಾಮ ನಕಾಶೆ ತೆಗೆದು ನೋಡಿದರೆ ನಿಮ್ಮ ಮನೆ ಯಾವ ಸರ್ವೆ ನಂಬರಿನಲ್ಲಿದೆ, ಕಾಲುವೆ ಎಲ್ಲಿ ಹರಿಯುತ್ತಿತ್ತು ಎಲ್ಲವೂ ಕಾಣುತ್ತದೆ. ನಾವೂ ತೆಗೆಸಿದೆವು. ಆ ಗಲ್ಲಿ ಇರುವುದು ಹಳೆಯ ಕೆರೆಯ ಕೆಳಗಿನ ಗದ್ದೆಯ ಜಾಗದಲ್ಲಿ. ತಗ್ಗು, ಅದಕ್ಕೇ ಬಾಡಿಗೆ ಕಡಿಮೆ. ಕಡಿಮೆ ಬಾಡಿಗೆ ಬೇಕಾದವರೇ ಅಲ್ಲಿ ಇರುತ್ತಾರೆ.

ಮೊದಲು ನಮಗೆಲ್ಲ ರಾಜಕಾಲುವೆಯ ಹೂಳಿನ ಮೇಲೆ ಅನುಮಾನ. ಒಂದು ಭಾನುವಾರ ಬೆಳಿಗ್ಗೆ ನಕಾಶೆ ಹಿಡಿದು ಮೋರಿಯ ಪಕ್ಕದಲ್ಲೇ ಮೇಲಿನಿಂದ ಕೆಳಗೆ ನಡೆದೆವು. ಪೌರಕಾರ್ಮಿಕ ಮಹಿಳೆಯೊಬ್ಬರನ್ನು ಜೊತೆಗೆ ಬರುವಂತೆ ಕೇಳಿಕೊಂಡಿದ್ದೆವು. ಅವರು ಆ ರಸ್ತೆಗಳನ್ನು ತುಂಬಾ ವರ್ಷದಿಂದ ಗುಡಿಸುತ್ತಿದ್ದಾರೆ. ರಾಜಕಾಲುವೆಯವರೆಗೆ ಹೋಗುವುದೇ ಬೇಡವಾಯಿತು. ಮೂರನೇ ಮೇನ್ ಹತ್ತಿರವೇ ಅವರು ನಿಂತು, "ಇಲ್ಲಿ ನೋಡಿ ಸಾರ್, ನೀರು ಮೋರಿಯೊಳಗೆ ಇಳಿಯೋದೇ ಇಲ್ಲ" ಅಂತ ತೋರಿಸಿದರು.

ಮನೆ ಮುಂದಿನ ರ‍್ಯಾಂಪ್‌ಗಳು. ಕಾರು ಒಳಗೆ ಹತ್ತಿಸಲು ಮೋರಿಯ ಮೇಲೆ ಕಾಂಕ್ರೀಟ್ ಸುರಿದು ಇಳಿಜಾರು ಮಾಡಿರುತ್ತಾರಲ್ಲ, ಅವು. ಒಂದೊಂದು ಮನೆಯವರು ಒಂದೊಂದು ಎತ್ತರಕ್ಕೆ ಕಟ್ಟಿದ್ದಾರೆ. ಕೆಲವು ಕಡೆ ಮೋರಿಯ ಬಾಯಿ ಪೂರ್ತಿ ಮುಚ್ಚಿದೆ. ಒಳಗೆ ಕೈ ಹಾಕಿ ಹೂಳು ತೆಗೆಯಲು ಜಾಗವಿಲ್ಲ. ಮೇಲಿನ ನಾಲ್ಕು ರಸ್ತೆಗಳಲ್ಲಿ ಬಿದ್ದ ಮಳೆ ಮೋರಿಗೆ ಇಳಿಯದೆ ರಸ್ತೆಯ ಮೇಲೇ ಓಡುತ್ತದೆ, ನೇರವಾಗಿ ಆ ಗಲ್ಲಿಗೆ ಹೋಗಿ ನಿಲ್ಲುತ್ತದೆ. ರ‍್ಯಾಂಪ್ ಕಟ್ಟಿದವರೆಲ್ಲ ನಮ್ಮ ಸಂಘದ ಸದಸ್ಯರು. ಪದಾಧಿಕಾರಿಗಳೂ ಇದ್ದರು.

ನನ್ನ ಪ್ರಕಾರ ಇಡೀ ವರ್ಷದ ಮುಖ್ಯ ಸಭೆ ಅಂದರೆ ಆಮೇಲೆ ನಡೆದದ್ದು. ಸರ್ಕಾರಕ್ಕೆ ಮನವಿ ಬರೆಯುವುದು ಸುಲಭ. ಎಲ್ಲರೂ ಸಹಿ ಹಾಕುತ್ತಾರೆ. ಪಕ್ಕದ ಮನೆಯವರಿಗೆ "ನಿಮ್ಮ ರ‍್ಯಾಂಪ್ ಒಡೆಯಿರಿ" ಅನ್ನುವುದು ಸುಲಭವಲ್ಲ. ಇಪ್ಪತ್ತು ವರ್ಷದ ಸ್ನೇಹ ಇರುತ್ತದೆ, ಮದುವೆ ಮುಂಜಿಗೆ ಹೋಗಿ ಬಂದಿರುತ್ತೇವೆ. "ಕಾರು ಎಲ್ಲಿ ನಿಲ್ಲಿಸಲಿ?" ಅಂತ ಒಬ್ಬರು, "ಮೊದಲು ರಾಜಕಾಲುವೆ ಒತ್ತುವರಿ ತೆಗೆಸಿ, ಆಮೇಲೆ ನಮ್ಮ ಹತ್ತಿರ ಬನ್ನಿ" ಅಂತ ಇನ್ನೊಬ್ಬರು. ಆ ಎರಡನೇ ಮಾತಿನಲ್ಲಿ ನ್ಯಾಯ ಇದೆ. ದೊಡ್ಡ ಒತ್ತುವರಿಗಳು ಇದ್ದೇ ಇವೆ, ಅವನ್ನು ತೆಗೆಯಬೇಕು. ಆದರೆ ಆ ಗಲ್ಲಿಯ ಮಟ್ಟಿಗೆ ನೀರು ಬರುತ್ತಿದ್ದದ್ದು ನಮ್ಮ ಗೇಟುಗಳ ಮುಂದಿನಿಂದ.

ಮೊದಲು ಮುಂದೆ ಬಂದವರು ನಿವೃತ್ತ ಮೇಷ್ಟ್ರೊಬ್ಬರು. ಅವರು ಭಾಷಣ ಮಾಡಲಿಲ್ಲ. ಮಾರನೆಯ ವಾರ ಗಾರೆ ಕೆಲಸದವರನ್ನು ಕರೆಸಿ ಕಾಂಕ್ರೀಟ್ ಒಡೆಸಿದರು, ಅದರ ಜಾಗದಲ್ಲಿ ಎತ್ತಿ ಇಡಬಹುದಾದ ಕಬ್ಬಿಣದ ಜಾಲರಿ ಹಾಕಿಸಿದರು. ಕಾರು ಆರಾಮವಾಗಿ ಹತ್ತುತ್ತದೆ, ನೀರು ಇಳಿಯುತ್ತದೆ, ಹೂಳು ತೆಗೆಯುವಾಗ ಜಾಲರಿ ಎತ್ತಿಡಬಹುದು. ಎಲ್ಲರೂ ಹೋಗಿ ನೋಡಿದರು. ಒಬ್ಬೊಬ್ಬರಾಗಿ ಬದಲಾಯಿಸಿದರು. ಇನ್ನೂ ಬದಲಾಯಿಸದವರು ಇದ್ದಾರೆ. ಅವರ ಜೊತೆ ಮಾತು ನಡೆಯುತ್ತಿದೆ. ಆಗಸ್ಟ್‌ನ ಮಳೆಯಲ್ಲಿ ಗಲ್ಲಿಗೆ ನೀರು ಬಂತು, ಆದರೆ ಮನೆಯೊಳಗೆ ನುಗ್ಗಲಿಲ್ಲ.

ಇಲ್ಲಿ ಕಾನೂನಿನ ಒಂದು ವಿಷಯ ಹೇಳಬೇಕು. 1993ರಲ್ಲಿ ಜಾರಿಗೆ ಬಂದ 74ನೇ ಸಂವಿಧಾನ ತಿದ್ದುಪಡಿ, 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕು ಅಂತ ಹೇಳುತ್ತದೆ. ನಮ್ಮ ರಾಜ್ಯ ಅದಕ್ಕೆ ನಿಯಮ ಮಾಡಿದ್ದು 2016ರಲ್ಲಿ. ಆ ವ್ಯವಸ್ಥೆಯಲ್ಲಿ ಪಾಲಿಕೆ ಸದಸ್ಯರು ಅಧ್ಯಕ್ಷರು, ಜೊತೆಗೆ ನಾಮಕರಣಗೊಂಡ 10 ಜನ. ಆ ಹತ್ತರಲ್ಲಿ ಕನಿಷ್ಠ 3 ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದ ಕನಿಷ್ಠ 2 ಜನ, ನಿವಾಸಿಗಳ ಸಂಘಗಳಿಂದ ಕನಿಷ್ಠ 2 ಜನ. ತಿಂಗಳಿಗೊಮ್ಮೆ ಸಭೆ. ಕಾನೂನು ಆಮೇಲೆ ಎರಡು ಸಲ ಬದಲಾಯಿತು. 2020ರಲ್ಲಿ ಬಿಬಿಎಂಪಿ ಕಾಯ್ದೆ ಬಂತು, ಈಗ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದಿದೆ. ಎರಡರಲ್ಲೂ ವಾರ್ಡ್ ಸಮಿತಿ ಉಳಿದಿದೆ.

ಆ ಹಳೆಯ ಲೆಕ್ಕವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಹತ್ತು ಕುರ್ಚಿ ಹಾಕಿ, ನಮ್ಮಂಥ ಸಂಘಗಳಿಗೆ ಅಂತ ಎರಡನ್ನು ತೆಗೆದಿಟ್ಟರು. ಉಳಿದ ಕುರ್ಚಿಗಳಲ್ಲಿ ಬೇರೆಯವರು ಕೂರಲಿ ಅಂತ. ಪಾಲಿಕೆ ಸದಸ್ಯರೂ ಇಲ್ಲದ, ಸಮಿತಿಯೂ ಸರಿಯಾಗಿ ನಡೆಯದ ಈ ಐದು ವರ್ಷದಲ್ಲಿ ಬಹಳ ಕಡೆ ಹತ್ತೂ ಕುರ್ಚಿಯಲ್ಲಿ ನಾವೇ ಕೂತಿದ್ದೇವೆ. ಅದಕ್ಕೇ ಆ ಗಲ್ಲಿ ಅಷ್ಟು ವರ್ಷ ನಮ್ಮ ಕಣ್ಣಿಗೆ ಬೀಳಲಿಲ್ಲ.

ಮಳೆ ನೀರಿನ ಇನ್ನೊಂದು ಮಗ್ಗುಲು ಬೇಗ ಹೇಳಿ ಮುಗಿಸುತ್ತೇನೆ. 2009ರಿಂದ ಬೆಂಗಳೂರಿನಲ್ಲಿ ಮಳೆ ನೀರು ಸಂಗ್ರಹ ಕಡ್ಡಾಯ. ಹೊಸದಾಗಿ ಕಟ್ಟುವ 30x40 ಮನೆಗೂ, ಹಳೆಯ 60x40 ಮನೆಗೂ. ಊರಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್. 100 ಚದರ ಮೀಟರ್ ತಾರಸಿಯ ಮೇಲೆ ಬೀಳುವ ನೀರನ್ನು ಲೆಕ್ಕ ಹಾಕಿ, 90 ಸಾವಿರ ಲೀಟರ್ ದಾಟುತ್ತದೆ. ಆ ನೀರನ್ನು ಪೈಪಿನಲ್ಲಿ ರಸ್ತೆಗೆ ಬಿಟ್ಟು, ಆಮೇಲೆ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪಂಪ್ ಮಾಡಿ ತಂದ ಕಾವೇರಿಯನ್ನು ಕುಡಿಯುತ್ತೇವೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಬಂತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆಗೆ ದಿನಕ್ಕೆ 77.5 ಕೋಟಿ ಲೀಟರ್ ಕೊಡುವ ಯೋಜನೆ. ಒಳ್ಳೆಯದೇ. ಆದರೂ ನಾವು ಪಾರ್ಕಿನಲ್ಲಿ ಇಂಗುಬಾವಿ ತೋಡಿಸಿದೆವು. ತೋಡಿದವರು ಮಣ್ಣುವಡ್ಡರು, ತಲೆಮಾರುಗಳಿಂದ ಬಾವಿ ತೋಡುವ ಕೆಲಸ ಗೊತ್ತಿರುವವರು. ಎಲ್ಲಿ ಎಷ್ಟು ಅಡಿಗೆ ಮಣ್ಣು ಬದಲಾಗುತ್ತದೆ ಅಂತ ಅವರು ಕೈಯಲ್ಲಿ ಮುಟ್ಟಿಯೇ ಹೇಳುತ್ತಿದ್ದರು.

ಈಗ ಕಸ. ಇದಿಲ್ಲದೆ ಬೆಂಗಳೂರಿನ ಯಾವ ಸಂಘದ ಕಥೆಯೂ ಮುಗಿಯುವುದಿಲ್ಲ.

ನಮ್ಮಲ್ಲಿ ಒಂದು ಬ್ಲ್ಯಾಕ್ ಸ್ಪಾಟ್, ಅಂದರೆ ಜನ ಕಸ ತಂದು ಬಿಸಾಡುವ ಜಾಗ, ಇತ್ತು. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ, ಎಲ್ಲ ಕಡೆಯೂ ಇರುವ ಹಾಗೆ. ಸ್ವಚ್ಛ ಮಾಡಿ ರಂಗೋಲಿ ಹಾಕಿಸಿದೆವು. ನಾಲ್ಕು ದಿನ ಚೆನ್ನಾಗಿತ್ತು. ದೇವರ ಫೋಟೊ ಇಡೋಣ ಅಂದರು, ನಾನು ಬೇಡ ಅಂದೆ. ಸಿ.ಸಿ. ಕ್ಯಾಮೆರಾ ಹಾಕೋಣ ಅಂದರು. ಹಾಕುವ ಮೊದಲು, ಯಾರು ಯಾವಾಗ ಬಿಸಾಡುತ್ತಾರೆ ಅಂತ ಸುಮ್ನೆ ಒಂದು ವಾರ ನೋಡೋಣ ಅಂತ ಮೂರು ಜನ ಪಾಳಿ ಹಾಕಿಕೊಂಡು ನೋಡಿದರು. ಬಿಸಾಡುತ್ತಿದ್ದವರಲ್ಲಿ ಹೆಚ್ಚಿನವರು ಬೆಳಿಗ್ಗೆ ಆರು, ಆರೂವರೆಗೆ ಕೆಲಸಕ್ಕೆ ಹೊರಡುವವರು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಸೆಕ್ಯುರಿಟಿ ಕೆಲಸದವರು, ಅಡುಗೆ ಕೆಲಸಕ್ಕೆ ಹೋಗುವವರು. ಆಟೊ ಟಿಪ್ಪರ್ ಅವರ ಬೀದಿಗೆ ಬರುತ್ತಿದ್ದದ್ದು ಒಂಬತ್ತರ ಮೇಲೆ. ಒಂದೇ ಕೋಣೆಯ ಮನೆಯಲ್ಲಿ ಸಂಜೆಯವರೆಗೆ ಹಸಿ ಕಸ ಇಟ್ಟುಕೊಂಡು ಎಲ್ಲಿಗೆ ಹೋಗುತ್ತಾರೆ?

ಟಿಪ್ಪರ್ ಓಡಿಸುವ ಹುಡುಗನ ಜೊತೆ ಮಾತಾಡಿದೆವು. "ಅಣ್ಣಾ, ಮೊದಲು ದೊಡ್ಡ ಮನೆಗಳ ಕಡೆ ಬಾ ಅಂತ ನಿಮ್ಮ ಸಂಘದವರೇ ಹೇಳಿದ್ರಲ್ಲ" ಅಂದ. ನನಗಿಂತ ಮುಂಚಿನ ಸಮಿತಿ ಹೇಳಿತ್ತಂತೆ. ದಾರಿ ತಿರುಗಿಸಲು ಅವನು ಒಪ್ಪಿದ, ಮೇಲಿನವರನ್ನು ಒಪ್ಪಿಸಲು ಒಂದೂವರೆ ತಿಂಗಳಾಯಿತು. ಈಗ ಗಾಡಿ ಆರು ಗಂಟೆಗೆ ಆ ಗಲ್ಲಿಯಿಂದ ಶುರುವಾಗುತ್ತದೆ. ದೊಡ್ಡ ಮನೆಗಳಿಗೆ ಕೊನೆಗೆ ಬರುತ್ತದೆ. ಅಲ್ಲಿ ಯಾರಾದರೂ ಮನೆಯಲ್ಲಿ ಇದ್ದೇ ಇರುತ್ತಾರೆ. ಟ್ರಾನ್ಸ್‌ಫಾರ್ಮರ್ ಪಕ್ಕದ ಗುಡ್ಡೆ ಪೂರ್ತಿ ಹೋಗಿಲ್ಲ, ರಾತ್ರಿ ಸ್ಕೂಟರಿನಲ್ಲಿ ಬಂದು ಎಸೆಯುವವರು ಇನ್ನೂ ಇದ್ದಾರೆ. ಆದರೆ ಮೊದಲಿನ ಕಾಲುಭಾಗಕ್ಕೆ ಇಳಿದಿದೆ.

ಅಕ್ಟೋಬರ್ 30ರಂದು ನಗರದಲ್ಲಿ "ಕಸ ಸುರಿಯುವ ಹಬ್ಬ" ನಡೆಯಿತು. ನಗರಾಡಳಿತದವರು ರಸ್ತೆಯಲ್ಲಿ ಕಸ ಎಸೆದವರ ವಿಡಿಯೊ ಮಾಡಿ, ಅವರ ಮನೆ ಮುಂದೆ ಕಸ ಸುರಿದು, ದಂಡ ಹಾಕಿದರು. ಚಪ್ಪಾಳೆ ತಟ್ಟಿದವರು ತುಂಬಾ ಜನ, ನಮ್ಮ ಸಂಘದಲ್ಲೂ. ದಂಡಕ್ಕೆ ನನ್ನ ವಿರೋಧವಿಲ್ಲ. ಮನೆ ಮುಂದೆ ಕಸ ಸುರಿಯುವುದಕ್ಕೆ ವಿರೋಧವಿದೆ. ಸುರಿದ ಕಸವನ್ನು ಕೊನೆಗೆ ಎತ್ತಬೇಕಾದವರೂ ಕಾರ್ಮಿಕರೇ. ಅದಕ್ಕಿಂತ ಮೊದಲು ಆ ಬೀದಿಗೆ ಗಾಡಿ ಎಷ್ಟು ಗಂಟೆಗೆ ಬರುತ್ತದೆ ಅಂತ ಕೇಳಬೇಕಿತ್ತು.

ಕೆಲಸ ಮಾಡುವವರ ಬಗ್ಗೆ ಒಂದು ಮಾತು. 2025ರ ಮೇ 1ರಂದು ನಗರದ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ಎಷ್ಟೋ ವರ್ಷದ ಹೋರಾಟದ ಫಲ. ನಮ್ಮ ರಸ್ತೆ ಗುಡಿಸುವ ಒಬ್ಬರು ಪತ್ರ ತಂದು ತೋರಿಸಿದಾಗ ಸಂಘದ ಕೋಣೆಯಲ್ಲಿ ಎಲ್ಲರಿಗೂ ಸಿಹಿ ಹಂಚಿದೆವು. ಆದರೆ ಕಸದ ಗಾಡಿಯ ಚಾಲಕರು, ಸಹಾಯಕರು ಇನ್ನೂ ಗುತ್ತಿಗೆಯಲ್ಲೇ ಇದ್ದಾರೆ. ನಮ್ಮ ಸಭೆಗಳಲ್ಲಿ ಅವರ ಮೇಲಿನ ದೂರು ಬರುತ್ತದೆ, ಅವರ ಸಂಬಳದ ಮಾತು ಬರುವುದಿಲ್ಲ. ನಾವು ಈಗ ತಿಂಗಳಿಗೊಮ್ಮೆ ಅವರನ್ನೂ ಕರೆದು ಕೂರಿಸಿಕೊಂಡು ಕೇಳುತ್ತೇವೆ. ಕುಡಿಯುವ ನೀರು, ಕೈ ತೊಳೆಯಲು ನಲ್ಲಿ, ಹೆಣ್ಣುಮಕ್ಕಳಿಗೆ ಬಳಸಲು ಒಂದು ಶೌಚಾಲಯ, ಅವರು ಕೇಳಿದ್ದು ಇಷ್ಟು. ಸಂಘದ ಕೋಣೆಯ ಶೌಚಾಲಯದ ಬೀಗದ ಕೈ ಈಗ ಅವರ ಹತ್ತಿರವೂ ಒಂದು ಇದೆ.

ಹಬ್ಬಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಗಸ್ಟ್ 27ಕ್ಕೆ ಗಣೇಶ. ಮಣ್ಣಿನ ಮೂರ್ತಿ, ವಿಸರ್ಜನೆಗೆ ಸಂಚಾರಿ ಟ್ಯಾಂಕರ್. ನವೆಂಬರ್‌ನಲ್ಲಿ ರಾಜ್ಯೋತ್ಸವ. ಅದರ ಮಧ್ಯೆ ಮನೆ ಮನೆಗೆ ಸಮೀಕ್ಷೆಯವರು ಬಂದರು, ಅವರಿಗೆ ದಾರಿ ತೋರಿಸಿ ಕಾಫಿ ಕೊಟ್ಟೆವು. ಇವೆಲ್ಲ ನಿಮ್ಮಲ್ಲೂ ನಡೆದಿರುತ್ತವೆ.

ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಹಳೆಯದನ್ನು ಸ್ವಲ್ಪ ನೆನಪಿಸಿಕೊಳ್ಳಿ. 1862ರಲ್ಲಿ ಪೇಟೆಗೊಂದು, ದಂಡಿಗೆ ಅಂದರೆ ಕಂಟೋನ್ಮೆಂಟಿಗೊಂದು ಅಂತ ಎರಡು ಪುರಸಭೆ ಆಗಿದ್ದವು. 1949ರಲ್ಲಿ ಎರಡನ್ನೂ ಸೇರಿಸಿ ಒಂದು ಕಾರ್ಪೊರೇಷನ್ ಮಾಡಿದರು. 2007ರಲ್ಲಿ ಸುತ್ತಲಿನ 7 ನಗರಸಭೆ, ಕೆಂಗೇರಿ ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿ ಸೇರಿ ಬಿಬಿಎಂಪಿ ಆಯಿತು. ಈಗ ಮತ್ತೆ ಭಾಗ. ಕೂಡಿಸುವುದು, ಒಡೆಯುವುದು ಈ ಊರಿಗೆ ಹೊಸದಲ್ಲ. ಇದು ಒಳ್ಳೆಯದೋ ಕೆಟ್ಟದ್ದೋ ಅಂತ ಇಲ್ಲಿ ವಾದ ಮಾಡುವುದಿಲ್ಲ. ಬೀದಿಯ ಮಟ್ಟದಲ್ಲಿ ಮುಖ್ಯವಾದದ್ದು ವಾರ್ಡು.

ಮೊದಲು 198 ವಾರ್ಡುಗಳಿದ್ದವು. 2011ರ ಜನಗಣತಿಯಲ್ಲಿ ಬಿಬಿಎಂಪಿಯ ಜನಸಂಖ್ಯೆ ಸುಮಾರು 84 ಲಕ್ಷ. ಅಂದರೆ ಒಂದು ವಾರ್ಡಿಗೆ ಸರಾಸರಿ 42 ಸಾವಿರ ಜನ, ಅದೂ ಹಳೆಯ ಲೆಕ್ಕದಲ್ಲಿ. ಈಗ ಐದೂ ಪಾಲಿಕೆ ಸೇರಿ 369 ವಾರ್ಡು. ಅದೇ ಜನಗಣತಿಯ ಲೆಕ್ಕಕ್ಕೆ ಸರಾಸರಿ 23 ಸಾವಿರದ ಹತ್ತಿರ. ಇದು ದೊಡ್ಡ ಬದಲಾವಣೆ. ವಾರ್ಡು ಚಿಕ್ಕದಾದಷ್ಟೂ ಆರಿಸಿ ಬಂದವರ ಮನೆ ನಡೆದು ಹೋಗುವಷ್ಟು ಹತ್ತಿರವಾಗುತ್ತದೆ.

ವಾರ್ಡುಗಳ ಗಡಿಯ ಕರಡು ಬಂದಾಗ ನಮ್ಮ ಸಂಘದಲ್ಲಿ ಮತ್ತೆ ಹಳೆಯ ಪ್ರಶ್ನೆಯೇ ಎದ್ದಿತು. ಕರಡಿನಲ್ಲಿ ಆ ಕೆಳಗಿನ ಗಲ್ಲಿಯೂ ನಾವೂ ಒಂದೇ ವಾರ್ಡಿನಲ್ಲಿದ್ದೆವು. ಕೆಲವು ಸದಸ್ಯರಿಗೆ ಅದು ಇಷ್ಟವಾಗಲಿಲ್ಲ. "ನಮ್ಮ ಸಮಸ್ಯೆ ಬೇರೆ, ಅವರ ಸಮಸ್ಯೆ ಬೇರೆ, ಆಕ್ಷೇಪಣೆ ಹಾಕೋಣ" ಅಂದರು. ನಾನು ಗ್ರಾಮ ನಕಾಶೆಯನ್ನು ಮೇಜಿನ ಮೇಲೆ ಹಾಸಿದೆ. ನಮ್ಮ ತಾರಸಿಯ ನೀರು ಅವರ ಮನೆಗೆ ಹೋಗುತ್ತದೆ, ಅವರ ಕೈಯ ಅಡುಗೆ ನಮ್ಮ ಮನೆಯಲ್ಲಿ ಆಗುತ್ತದೆ, ಬೇರೆ ಅನ್ನುವುದು ಎಲ್ಲಿದೆ ಅಂತ ಕೇಳಿದೆ. ಆಕ್ಷೇಪಣೆ ಹಾಕಲಿಲ್ಲ. ಇದನ್ನು ನಾನು ಈ ವರ್ಷದ ದೊಡ್ಡ ಕೆಲಸ ಅಂತಲೇ ಎಣಿಸುತ್ತೇನೆ, ವರದಿಯಲ್ಲಿ ಅದಕ್ಕೆ ಒಂದು ಸಾಲೂ ಇಲ್ಲದಿದ್ದರೂ.

ಡಿಸೆಂಬರ್‌ನ ವಾರ್ಷಿಕ ಸಭೆಯಲ್ಲಿ ಬೈಲಾ ತಿದ್ದುಪಡಿ ತಂದೆವು. ಬಡಾವಣೆಯಲ್ಲಿ ಒಂದು ವರ್ಷದಿಂದ ವಾಸವಾಗಿರುವ ಯಾರು ಬೇಕಾದರೂ ಸದಸ್ಯರಾಗಬಹುದು, ಸ್ವಂತ ಮನೆ ಇರಲಿ, ಬಾಡಿಗೆ ಇರಲಿ. ಚರ್ಚೆ ಸುಲಭವಾಗಿರಲಿಲ್ಲ. ಬಾಡಿಗೆಯವರು ಇವತ್ತು ಇರುತ್ತಾರೆ, ನಾಳೆ ಹೋಗುತ್ತಾರೆ ಅಂದರು. ನಮ್ಮ ಮೊದಲ ಮೇನ್‌ನಲ್ಲಿ ಹದಿನೇಳು ವರ್ಷದಿಂದ ಬಾಡಿಗೆಗಿರುವ ಕುಟುಂಬ ಇದೆ. ಸೈಟು ಕೊಂಡು ಅಮೆರಿಕದಲ್ಲಿರುವ ಸದಸ್ಯರೂ ಇದ್ದಾರೆ. ಯಾರು ಇವತ್ತು ಇದ್ದಾರೆ, ಯಾರು ಇಲ್ಲ? ತಿದ್ದುಪಡಿ ಒಪ್ಪಿಗೆಯಾಯಿತು. ಆದರೆ ಅಧ್ಯಕ್ಷ, ಖಜಾಂಚಿ ಸ್ಥಾನ ಮಾಲೀಕರಿಗೇ ಇರಬೇಕು ಅನ್ನುವ ಷರತ್ತು ಉಳಿದುಕೊಂಡಿತು. ಅದು ನನಗೆ ಸಮಾಧಾನ ತಂದಿಲ್ಲ. ಮುಂದಿನ ವರ್ಷ ಅದನ್ನು ಮತ್ತೆ ಎತ್ತುತ್ತೇವೆ.

ಹೊಸ ಪಾಲಿಕೆಗಳಿಗೆ ಚುನಾವಣೆ ಆಗಲೇಬೇಕು, ಬೇಗ ಆಗಬೇಕು. ಆರಿಸಿ ಬಂದವರ ಜೊತೆ ವಾರ್ಡ್ ಸಮಿತಿ ಕೂರಬೇಕು. ಆಗ ನಮ್ಮ ಸಂಘ ತನ್ನ ಎರಡು ಕುರ್ಚಿಗೆ ವಾಪಸ್ ಹೋಗುತ್ತದೆ. ಎಂಜಿನಿಯರ್ ನಮಗೆ ಫೋನ್ ಮಾಡುವುದು ಕಡಿಮೆಯಾಗಬಹುದು. ಆಗಲಿ.

ಮಾತು ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಒಂದು ಪ್ರಶ್ನೆ ಕೇಳಿದರು. "ನಮ್ಮ ಏರಿಯಾದಲ್ಲಿ ಸಂಘವೇ ಇಲ್ಲ ಸಾರ್. ನಾನೂ ಬಾಡಿಗೆಗೆ ಇರೋಳು. ಎಲ್ಲಿಂದ ಶುರು ಮಾಡಲಿ?" ಅಂತ. ಅವರಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಬರೆಯುತ್ತೇನೆ.

ಮೊದಲೇ ನೋಂದಣಿಗೆ ಓಡಬೇಡಿ ತಾಯಿ. ಮಾರ್ಚ್‌ನಲ್ಲಿ, ಮಳೆ ಶುರುವಾಗುವ ಮುಂಚೆ, ಒಂದು ದಿನ ನಿಮ್ಮ ರಸ್ತೆಯ ಮೋರಿಯ ಪಕ್ಕದಲ್ಲಿ ನಡೆಯಿರಿ. ಜೊತೆಗೆ ಒಬ್ಬ ಪೌರಕಾರ್ಮಿಕರು, ಒಬ್ಬ ಅಂಗಡಿಯವರು, ಒಬ್ಬ ಮನೆ ಮಾಲೀಕರು ಇರಲಿ. ನೋಡಿದ್ದನ್ನು ತಾರೀಖು ಹಾಕಿ ಒಂದು ಪುಸ್ತಕದಲ್ಲಿ ಬರೆಯಿರಿ. ದೂರುಗಳನ್ನು ಪಾಲಿಕೆಯ ಸಹಾಯವಾಣಿ 1533ಕ್ಕೆ ಕೊಟ್ಟು, ಅವರು ಕೊಟ್ಟ ನಂಬರನ್ನು ಅದೇ ಪುಸ್ತಕದಲ್ಲಿ ಬರೆದಿಡಿ. ಸಭೆಯನ್ನು ಭಾನುವಾರ ಹನ್ನೊಂದಕ್ಕೆ ಕರೆಯಬೇಡಿ, ಮನೆಕೆಲಸ, ಅಂಗಡಿ ಕೆಲಸದವರು ಬರಲಾಗುವುದಿಲ್ಲ. ರಾತ್ರಿ ಎಂಟಕ್ಕೆ ಕರೆಯಿರಿ, ಬೀದಿದೀಪದ ಕೆಳಗೆ ಆದರೂ ಪರವಾಗಿಲ್ಲ. ನಾಲ್ಕೈದು ತಿಂಗಳು ಹೀಗೆ ನಡೆದ ಮೇಲೆ ನೋಂದಣಿ ಮಾಡಿಸಿ. 1960ರ ಸಂಘಗಳ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಾಕು. ಆ ಏಳರಲ್ಲಿ ನೀವೂ ಇರಿ, ನಿಮ್ಮಂತೆ ಬಾಡಿಗೆಗಿರುವ ಇನ್ನೂ ಇಬ್ಬರು ಇರಲಿ. ಸದಸ್ಯರು ಯಾರಾಗಬಹುದು ಅನ್ನುವ ಸಾಲನ್ನು ಮೊದಲ ದಿನವೇ ಸರಿಯಾಗಿ ಬರೆಸಿ, ಆಮೇಲೆ ತಿದ್ದಲು ವರ್ಷಗಳು ಬೇಕಾಗುತ್ತವೆ. ನಮ್ಮ ಹೊಸ ಬೈಲಾದ ಪ್ರತಿ ಬೇಕಿದ್ದರೆ ಈಗಲೇ ಕೊಡುತ್ತೇನೆ, ಬ್ಯಾಗಿನಲ್ಲಿದೆ.